ಬಂಪರ್‌ನ ಎಡ ಮೂಲೆ

ಕಾರಿನ ಕಂಪನಿಯಿಂದ ಬಂದ ಕಾಗದವನ್ನು ಮೊದಲು ಒಡೆದವಳು ನಾನು. ಅಂಥ ಕಾಗದಗಳನ್ನು ನಾನು ನಿಂತುಕೊಂಡು ಓದುವುದಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಕುರ್ಚಿಯಲ್ಲಿ ಕೂತು ಓದುತ್ತೇನೆ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿಯುತ್ತೇನೆ. ಕಾಗದದಲ್ಲಿ ಇದ್ದದ್ದು ಇಷ್ಟು: ಮೂರು ವರ್ಷದ ಗುತ್ತಿಗೆಗೆ ನಾವು ತೆಗೆದುಕೊಂಡಿದ್ದ ಬಿಳಿ ಕಾರಿನ ಅವಧಿ ಇನ್ನು ಆರು ವಾರಕ್ಕೆ ಮುಗಿಯುತ್ತದೆ. ಕಾರನ್ನು ಹಿಂತಿರುಗಿಸಬಹುದು, ಕೊಂಡುಕೊಳ್ಳಬಹುದು, ಅದರ ಬದಲು ಹೊಸದೊಂದನ್ನು ಗುತ್ತಿಗೆಗೆ ಪಡೆಯಬಹುದು, ಇಲ್ಲವೇ ಇದನ್ನೇ ಒಂದೊಂದು ತಿಂಗಳು ಮುಂದುವರಿಸಬಹುದು. ಅವಧಿ ಮುಗಿಯುವ ಮುನ್ನ ಅವರ ಕಡೆಯವರೊಬ್ಬರು ಮನೆಗೆ ಬಂದು ಕಾರನ್ನು ಪರೀಕ್ಷಿಸುತ್ತಾರೆ.

'ಪರೀಕ್ಷಿಸುತ್ತಾರೆ' ಎಂಬ ಪದದ ಕೆಳಗೆ ಗೆರೆ ಎಳೆದೆ. ಎಳೆದ ಮೇಲೆ, ಇದೊಂದೇ ಪದದ ಕೆಳಗೆ ಗೆರೆ ಇದ್ದರೆ ಇವರಿಗೆ ಅನುಮಾನ ಬಂದೀತು ಅನ್ನಿಸಿತು. ಹಾಗಾಗಿ ಸಂಬಂಧವಿಲ್ಲದ ಇನ್ನೂ ಮೂರು ಪದಗಳ ಕೆಳಗೆ ಗೆರೆ ಎಳೆದು ಕಾಗದವನ್ನು ಊಟದ ಮೇಜಿನ ಮೇಲಿಟ್ಟೆ.

ಇವರು ಅಂದರೆ ನನ್ನ ಗಂಡ. ಅವರದು ತೂಕದ ಯಂತ್ರಗಳನ್ನು ಪರಿಶೀಲಿಸುವ ಕೆಲಸ. ಅಂಗಡಿ, ಔಷಧಿ ಕಾರ್ಖಾನೆ, ಅಂಚೆ ಕಚೇರಿ, ಎಲ್ಲೆಲ್ಲಿ ತಕ್ಕಡಿ ಇದೆಯೋ ಅಲ್ಲಿಗೆಲ್ಲ ಹೋಗಿ, ತಮ್ಮ ಪೆಟ್ಟಿಗೆಯಲ್ಲಿರುವ ಹಿತ್ತಾಳೆಯ ಬಟ್ಟುಗಳನ್ನು ಒಂದೊಂದಾಗಿ ಅದರ ಮೇಲಿಟ್ಟು, ಯಂತ್ರ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡಿ, ಸಹಿ ಹಾಕಿ ಬರುತ್ತಾರೆ. ಆ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆರಳಿನ ಬೆವರೂ ತೂಗುತ್ತದಂತೆ. ಹದಿನೆಂಟು ವರ್ಷದ ಸಂಸಾರದಲ್ಲಿ ಇವರು ಸರಿಯಾಗಿ ಓದದೆ ಒಂದು ಕಾಗದಕ್ಕೂ ಸಹಿ ಹಾಕಿದ್ದು ನಾನು ನೋಡಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಕಾಗದವನ್ನು ಓದಿ ಮಡಚಿಟ್ಟರು.

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ವಾಪಸ್ ಕೊಟ್ಟುಬಿಡೋಣ. ಆಫೀಸಿಂದ ನಂಗೆ ವ್ಯಾನ್ ಕೊಟ್ಟು ಒಂದು ವರ್ಷ ಆಯ್ತು. ನೀನು ನಡ್ಕೊಂಡೇ ಕೆಲಸಕ್ಕೆ ಹೋಗ್ತೀಯ. ಕಾರು ಸುಮ್ಮನೆ ಬಿಸಿಲಲ್ಲಿ ನಿಂತಿರುತ್ತೆ."

"ಸುಮ್ಮನೇನೂ ನಿಂತಿರಲ್ಲ," ಎಂದರು ನಮ್ಮತ್ತೆ.

"ಮತ್ತೆ?"

ಅತ್ತೆ ನೀರು ಕುಡಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಡಿದರು. "ಮನೆ ಮುಂದೆ ಒಂದು ಗಾಡಿ ನಿಂತಿದ್ರೆ ಲಕ್ಷಣವಾಗಿರುತ್ತೆ ಅಂದೆ."

"ಲಕ್ಷಣಕ್ಕೆ ಒಂದು ಹೂವಿನ ಕುಂಡ ಇಡೋಣ ಬಿಡಮ್ಮ." ಇವರು ಕಾಗದವನ್ನು ಬೆರಳಿನಿಂದ ತಟ್ಟಿದರು. "ಮೂರು ವರ್ಷ. ಒಂದು ಗೀರಿಲ್ಲ. ತಂದದ್ದನ್ನ ತಂದ ಹಾಗೇ ವಾಪಸ್ ಕೊಡೋದು ಎಲ್ಲರ ಕೈಲೂ ಆಗಲ್ಲ."

ನಾನೂ ಅತ್ತೆಯೂ ನಮ್ಮ ನಮ್ಮ ತಟ್ಟೆ ನೋಡಿಕೊಂಡೆವು.

ಗೀರಿಲ್ಲ ಎನ್ನುವ ಮಾತು ನಿಜವೇ. ಹಿಂದಿನ ಬಂಪರ್‌ನ ಎಡ ಮೂಲೆಯಲ್ಲಿ ಆಗಿದ್ದು ಗೀರಲ್ಲ. ದವಡೆ ಹಲ್ಲಿನಷ್ಟು ದೊಡ್ಡ ಚೂರೊಂದು ಕಿತ್ತುಹೋಗಿತ್ತು. ಈಗ ಅಲ್ಲಿರುವುದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಹಲ್ಲು.

ಇದನ್ನು ಮೊದಲಿಂದ ಹೇಳುತ್ತೇನೆ.

ನಮ್ಮತ್ತೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಈಗ ಅವರಿಗೆ ಅರವತ್ತೇಳು. ಇವತ್ತಿಗೂ ಅಡುಗೆಮನೆಯಲ್ಲಿ ಕಾಲು ಅಗಲಿಸಿ, ಯಾವುದನ್ನೂ ಹಿಡಿಯದೆ, ನೆಲ ಅಲುಗಾಡುತ್ತಿದೆಯೇನೋ ಎನ್ನುವ ಹಾಗೆ ನಿಲ್ಲುತ್ತಾರೆ. ಯಾರಾದರೂ ಹೊಸ್ತಿಲಲ್ಲಿ ನಿಂತು ಮಾತಾಡಿದರೆ ಸಹಿಸುವುದಿಲ್ಲ. "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಮನೆಗೆ ಬಂದ ಪೋಸ್ಟಿನವನನ್ನೂ ನೂಕುತ್ತಾರೆ. ಮೂವತ್ತೊಂದು ವರ್ಷ ಡ್ರೈವರುಗಳ ಬೆನ್ನು ನೋಡಿದ ಅವರಿಗೆ ಒಂದು ಸಲವಾದರೂ ಆ ಚಕ್ರ ಹಿಡಿಯಬೇಕೆಂಬ ಆಸೆ ಎಂದಿನಿಂದಲೋ ಇತ್ತು. ಅದು ಬಾಯಿಗೆ ಬಂದದ್ದು ಹೋದ ವರ್ಷ, ಎರಡು ಕಣ್ಣಿಗೂ ಆಪರೇಷನ್ ಆಗಿ, ಬೀದಿಯ ಆ ತುದಿಯ ಅಂಗಡಿಯ ಹಲಗೆಯನ್ನು ಅವರು ಕಿಟಕಿಯಿಂದಲೇ ಓದಿದ ದಿನ.

"ಈಗ ಇಷ್ಟು ಚೆನ್ನಾಗಿ ಕಾಣ್ತಿದೆ. ಡ್ರೈವಿಂಗ್ ಕಲೀಲೇನೋ?" ಎಂದು ಮಗನನ್ನು ಕೇಳಿದರು.

ಇವರು ನಕ್ಕರು. ಕೆಟ್ಟದಾಗಿಯೇನೂ ನಗಲಿಲ್ಲ. "ಅಮ್ಮ, ನೀನು ಹಿಂದೆ ಕೂತ್ಕೊಂಡ್ರೇ ಚೆಂದ," ಎಂದು ಊಟ ಮುಂದುವರಿಸಿದರು.

ಮಾರನೇ ದಿನ ಅತ್ತೆ ಡ್ರೈವಿಂಗ್ ಶಾಲೆಯೊಂದಕ್ಕೆ ತಾವೇ ಹೋಗಿ ಸೇರಿದರು. ಅಲ್ಲಿ ಕಲಿಸುವವನು ಒಂದು ಗಂಟೆಯಲ್ಲಿ ಹದಿನೇಳು ಸಲ 'ಅಜ್ಜಿ' ಅಂದನಂತೆ. ಅತ್ತೆ ಎಣಿಸಿದ್ದರು. ಹದಿನೆಂಟನೆಯದಕ್ಕೆ ಗಾಡಿ ನಿಲ್ಲಿಸಿ, ಇಳಿದು, ಬಸ್ ಹಿಡಿದು ಮನೆಗೆ ಬಂದರು. ಬಂದವರೇ ನನ್ನ ಎದುರು ಕೂತರು.

"ನೋಡೇ, ನೀನು ಕಲಿಸು. ಅವನಿಗೆ ಹೇಳೋದು ಬೇಡ. ಲೈಸೆನ್ಸ್ ತಂದು ಅವನ ತಟ್ಟೆ ಪಕ್ಕದಲ್ಲಿ ಇಡ್ತೀನಿ. ಆಗ ಅವನ ಮುಖ ನೋಡ್ಬೇಕು ನಂಗೆ."

ನಾನು ಒಪ್ಪಿಕೊಳ್ಳುವ ಮುಂಚೆ ಕಂಪನಿಯ ಕಾಗದಗಳನ್ನೆಲ್ಲ ಓದಿದೆ, ವಿಮೆಯವರಿಗೆ ಎರಡು ಸಲ ಫೋನ್ ಮಾಡಿದೆ. ಕಲಿಯುವವರ ಪರವಾನಗಿ ಇದ್ದು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿದ್ದರೆ ಮನೆಯವರು ಯಾರು ಬೇಕಾದರೂ ಓಡಿಸಬಹುದು ಎಂದರು. ಎರಡನೇ ಸಲ ಇನ್ನೊಬ್ಬರು ಫೋನ್ ಎತ್ತಿ ಅದನ್ನೇ ಹೇಳಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು. ನನಗೆ ಯಾವುದರಲ್ಲೂ ಅರ್ಧಕ್ಕಿಂತ ಹೆಚ್ಚು ಸಮಾಧಾನ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಇವರು ವ್ಯಾನಿನಲ್ಲಿ ಮಾರುಕಟ್ಟೆಗೆ ಹೋಗುತ್ತಾರೆ. ಅಂಗಡಿ ಮುಚ್ಚಿರುವಾಗಲೇ ಅಲ್ಲಿನ ತಕ್ಕಡಿಗಳನ್ನು ನೋಡಬೇಕು. ಅವರ ವ್ಯಾನ್ ತಿರುವು ದಾಟಿದ ಹತ್ತು ನಿಮಿಷಕ್ಕೆ ನಾವಿಬ್ಬರೂ ಹೊರಡುತ್ತಿದ್ದೆವು. ಊರಂಚಿನಲ್ಲಿ ಕುರ್ಚಿ ಮೇಜುಗಳ ಗೋದಾಮೊಂದಿದೆ. ಭಾನುವಾರ ಅದರ ಹಿಂದಿನ ಅಂಗಳ ಖಾಲಿ. ಅಲ್ಲಿ ಅತ್ತೆ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆ. ನನ್ನ ಬಲಗಾಲಿನ ಚಪ್ಪಲಿ ಹಿಮ್ಮಡಿಯಲ್ಲಿ ಸವೆದುಹೋಯಿತು. ಅತ್ತೆ ಮಾತ್ರ ಆರಾಮವಾಗಿದ್ದರು. ತಿರುವು ಬಂದಾಗ "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಯಾರೂ ಇಲ್ಲದ ಹಿಂದಿನ ಸೀಟಿಗೆ ಹೇಳುತ್ತಿದ್ದರು.

ಐದು ತಿಂಗಳ ಹಿಂದೆ ಒಂದು ಭಾನುವಾರ, ಹಿಂದಕ್ಕೆ ಬಿಡುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ. ಸರಿಯಾಗಿ ಕಾಣಲೆಂದು ಇಳಿದು ಕಾರಿನ ಹಿಂದೆ ನಿಂತಿದ್ದೆ. ಕಾರು ಗೋದಾಮಿನ ಕಂಬಕ್ಕೆ ಹತ್ತಿರವಾಗುತ್ತಿತ್ತು. ಭಯದಲ್ಲಿ ನನಗೆ ಗಂಟಲು ಕಟ್ಟುತ್ತದೆ. ಮಾತು ಬರಲಿಲ್ಲ. ಕೈಯಿಂದ ಕಾರಿನ ಬೆನ್ನಿಗೆ ತಟ್ಟಿದೆ. ಎರಡು ಸಲ.

ಮೂವತ್ತೊಂದು ವರ್ಷ ಬಸ್ಸಿನಲ್ಲಿದ್ದವರಿಗೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೋಗು. ಅತ್ತೆ ಹೋದರು.

ಕಂಬಕ್ಕೆ ಏನೂ ಆಗಲಿಲ್ಲ.

"ನೀನು ಡಬಲ್ ಕೊಟ್ಯಲ್ಲೇ," ಎಂದರು ಅತ್ತೆ ಇಳಿದು ಬಂದು. ಕೋಪದಿಂದಲ್ಲ, ಲೆಕ್ಕ ತಪ್ಪಿದ ಆಶ್ಚರ್ಯದಿಂದ.

"ನಿಲ್ಲಿಸಿ, ನಿಲ್ಲಿಸಿ ಅಂತ ತಟ್ಟಿದೆ ಅತ್ತೆ."

"ಒಂದು ಸಲ ನಿಲ್ಲಿಸು ಅಂದ್ರೆ ಸಾಕಲ್ವಾ? ಎರಡು ಸಲ ಯಾಕಂದೆ?"

ಭಯಪಡುವವರು ಎಲ್ಲವನ್ನೂ ಎರಡು ಸಲ ಹೇಳುತ್ತಾರೆ.

ನನ್ನ ಕೆಲಸ ಕೃತಕ ಹಲ್ಲು ಮಾಡುವುದು. ದಂತ ವೈದ್ಯರು ಕಳಿಸುವ ಅಚ್ಚನ್ನು ನೋಡಿ, ಹಲ್ಲನ್ನು ಕಟ್ಟಿ, ಬಣ್ಣ ಹೊಂದಿಸಿ ಕಳಿಸುತ್ತೇನೆ. ಬಿಳಿ ಎಂದು ಜನ ಸುಲಭವಾಗಿ ಹೇಳುವುದರಲ್ಲಿ ಹದಿನಾರು ಬಣ್ಣಗಳಿವೆ. ಕಾರಿನದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಬಿಳಿ, ಅಂಚಿನಲ್ಲಿ ತುಸು ಬೂದು; ಐವತ್ತು ದಾಟಿದ, ಕಾಫಿ ಕುಡಿಯದ ಹೆಂಗಸಿನ ಹಲ್ಲಿನ ಹಾಗೆ. ತಾತ್ಕಾಲಿಕ ಹಲ್ಲು ಮಾಡುವ ಪುಡಿಯನ್ನೂ ದ್ರವವನ್ನೂ ಕಲಸಿ, ಮೂರು ಪದರ ತುಂಬಿ, ಉಜ್ಜಿ, ಹೊಳಪು ಕೊಟ್ಟೆ. ಲ್ಯಾಬಿನ ಸಾಮಾನನ್ನು ಕದ್ದ ಹಾಗಾಗಬಾರದೆಂದು ಅಲ್ಲಿನ ಪುಸ್ತಕದಲ್ಲಿ 'ದವಡೆ ಹಲ್ಲು ಒಂದು, ಸ್ವಂತಕ್ಕೆ' ಎಂದು ಬರೆದೆ. ಮಾರನೇ ದಿನ ಲ್ಯಾಬಿನ ಮಾಲೀಕರು ನನ್ನ ಕೆನ್ನೆಯನ್ನೇ ನೋಡುತ್ತ, "ನೋವಿದೆಯಾ?" ಎಂದು ಕೇಳಿದರು.

ರಿಪೇರಿಯನ್ನು ಕಂಪನಿ ಹೇಳಿದ ಗ್ಯಾರೇಜಿನಲ್ಲೇ ಮಾಡಿಸಬೇಕು ಎಂಬ ಸಾಲನ್ನು ನಾನು ಓದಿದ್ದು ಆಮೇಲೆ. ಎಲ್ಲವನ್ನೂ ಓದುವ ನಾನು ಹದಿನಾಲ್ಕನೇ ಪುಟದ ಹಿಂಬದಿಯನ್ನು ಓದಿರಲಿಲ್ಲ.

ಇನ್ನು ಪರೀಕ್ಷೆಯ ವಿಷಯ. ಅತ್ತೆ ಹೋದ ತಿಂಗಳು ಒಂದು ಸಲ ಡ್ರೈವಿಂಗ್ ಪರೀಕ್ಷೆಗೆ ಹೋಗಿ ಫೇಲಾಗಿ ಬಂದಿದ್ದರು. ಗೇರು, ತಿರುವು, ಹಿಂದಕ್ಕೆ ಬಿಡುವುದು, ಎಲ್ಲ ಸರಿಯಾಗಿತ್ತು. ಆದರೆ ದಾರಿಯಲ್ಲಿ ಬಸ್ ನಿಲ್ದಾಣವೊಂದು ಬಂತು. ಅಲ್ಲಿ ಜನ ನಿಂತಿದ್ದರು. ಅತ್ತೆ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?" ಎಂದರಂತೆ ಪಕ್ಕದಲ್ಲಿದ್ದ ಪರೀಕ್ಷಕಿ.

"ಇಳಿಯೋರು ಇದ್ದಾರಾ ಅಂತ," ಎಂದುಬಿಟ್ಟರಂತೆ ಅತ್ತೆ.

ಎರಡನೇ ಪರೀಕ್ಷೆಯ ದಿನಾಂಕ ಬಂದಿತ್ತು. ಕಾರಿನ ಗುತ್ತಿಗೆ ಮುಗಿಯುವ ದಿನಕ್ಕೆ ಸರಿಯಾಗಿ ಎಂಟು ದಿನ ಆಚೆಗೆ. ಬೇರೆ ಕಾರಿನಲ್ಲಿ ಹೋಗಲು ಅತ್ತೆಗೆ ಧೈರ್ಯವಿರಲಿಲ್ಲ. ಈ ಕಾರಿನ ಕ್ಲಚ್ಚು ಎಲ್ಲಿ ಹಿಡಿಯುತ್ತದೆಂದು ಅವರ ಎಡಗಾಲಿಗೆ ಮಾತ್ರ ಗೊತ್ತಿತ್ತು. ಈ ಸಲವೂ ಆಗದಿದ್ದರೆ ಮತ್ತೆ ಪರೀಕ್ಷೆಗೆ ಹೋಗುವುದಿಲ್ಲ, ಹಿಂದೆಯೇ ಕೂರುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದರು. ಅತ್ತೆ ಹೇಳಿದ ಮೇಲೆ ಹೇಳಿದ ಹಾಗೆಯೇ.

ಅಂದರೆ ಕಾರು ಎಂಟು ದಿನ ಹೆಚ್ಚು ಬೇಕಿತ್ತು. ಅಷ್ಟೇ. ನಾನು ಕಂಪನಿಗೆ ಫೋನ್ ಮಾಡಿದೆ. ಒಂದು ತಿಂಗಳು ಮುಂದುವರಿಸಲು ಅಡ್ಡಿಯಿಲ್ಲ, ಆದರೆ ಗುತ್ತಿಗೆ ಯಾರ ಹೆಸರಲ್ಲಿದೆಯೋ ಅವರೇ ಸಹಿ ಹಾಕಬೇಕು ಎಂದರು. ಗುತ್ತಿಗೆ ಇವರ ಹೆಸರಲ್ಲಿತ್ತು.

ಸಂಜೆ ಇವರು ಬಟ್ಟುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಾಗ ಮಾತು ತೆಗೆದೆ.

"ರೀ, ಕಾರನ್ನ ಇನ್ನೊಂದು ತಿಂಗಳು ಇಟ್ಕೊಂಡ್ರೆ ಹೇಗೆ?"

"ಯಾಕೆ?"

ಯಾಕೆ ಎಂಬ ಪ್ರಶ್ನೆಗೆ ನಾನು ಎರಡು ದಿನದಿಂದ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ. "ಮಳೆ ಬರಬಹುದು."

"ವ್ಯಾನ್ ಇದೆಯಲ್ಲ."

"ವ್ಯಾನಿನ ಮೆಟ್ಟಿಲು ಎತ್ತರ. ಅತ್ತೆಗೆ ಮಂಡಿ ನೋವು."

"ಯಾರಿಗೆ ಮಂಡಿ ನೋವು?" ಎಂದು ಅಡುಗೆಮನೆಯಿಂದ ಅತ್ತೆ. ಮೂವತ್ತೊಂದು ವರ್ಷ ಬಸ್ ಹತ್ತಿ ಇಳಿದ ಮಂಡಿಯ ಮಾನದ ಪ್ರಶ್ನೆ. ನಾನು ಬಾಗಿಲ ಕಡೆ ಕಣ್ಣು ಮಿಟುಕಿಸಿದೆ. ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಹೂಂ, ಇದೆ. ಎಡಗಡೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬಲಗಡೇನೂ ಇದೆ," ಎಂದು ಸೇರಿಸಿದರು.

ಇವರು ಒಮ್ಮೆ ನನ್ನನ್ನು, ಒಮ್ಮೆ ಅಡುಗೆಮನೆಯ ಬಾಗಿಲನ್ನು ನೋಡಿದರು. ತಕ್ಕಡಿಯ ಎರಡು ತಟ್ಟೆಗಳನ್ನು ನೋಡುವ ಹಾಗೆ. "ಮಂಡಿಗೆ ಡಾಕ್ಟರ ಹತ್ತಿರ ಹೋಗೋಣ. ಮಂಡಿ ನೋವು ಅಂತ ಕಾರು ಇಟ್ಕೊಳ್ಳೋದು ಬೇಡ," ಎಂದರು. ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವಾರ ಅತ್ತೆ ಸುಮ್ಮಸುಮ್ಮನೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಓಡಾಡಬೇಕಾಯಿತು.

"ಹೇಳಿಬಿಡೋಣ ಅತ್ತೆ," ಎಂದೆ ನಾನು.

"ಬೇಡ ಕಣೇ. ಹೇಳಿದ್ರೆ ಪಾಪ ಅಂತ ಕೊಡ್ತಾನೆ. ಮಗನ ಕೈಲಿ ಪಾಪ ಅನ್ನಿಸ್ಕೊಂಡು ನಾನು ಸ್ಟೇರಿಂಗ್ ಹಿಡಿಯಲ್ಲ."

ತಪಾಸಣೆಯವರು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಆ ಹೊತ್ತಿಗೆ ಇವರು ಕಾರನ್ನು ಎರಡು ಸಲ ತೊಳೆದಿದ್ದರು. ಬಂದವರು ನಡುವಯಸ್ಸಿನ, ಸ್ವಲ್ಪ ದಪ್ಪಗಿನ ಮನುಷ್ಯ. ಬಗ್ಗಿದಾಗಲೆಲ್ಲ ಅವರ ಮಂಡಿ ಲಟಕ್ಕೆಂದು ಸದ್ದು ಮಾಡುತ್ತಿತ್ತು. ಅತ್ತೆ ಅದನ್ನು ಅಸೂಯೆಯಿಂದ ಕೇಳಿಸಿಕೊಂಡರು. ಕೈಯಲ್ಲೊಂದು ಟಾರ್ಚು, ಕುತ್ತಿಗೆಗೆ ನೇತುಹಾಕಿದ ಹಲಗೆ, ಅದರ ಮೇಲೆ ಕಾರಿನ ಚಿತ್ರ ಬಿಡಿಸಿದ ಕಾಗದ. ಕಾರಿನ ಮುಂದಿನ ಬಾಗಿಲಿನಿಂದ ಶುರುಮಾಡಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಲೋಹವನ್ನು ಸವರುತ್ತ ಬಂದರು. ಅವರು ಬಾಯಿ ತೆರೆದು ನಮಸ್ಕಾರ ಹೇಳಿದ ಕೂಡಲೇ ಅವರ ಮುಂದಿನ ಒಂದು ಹಲ್ಲು ಕಟ್ಟಿಸಿದ್ದೆಂದು ನನಗೆ ಗೊತ್ತಾಗಿತ್ತು. ನಮ್ಮ ಹದಿನಾರರ ಲೆಕ್ಕದಲ್ಲಿ ಬಣ್ಣ ಅರ್ಧ ಮೆಟ್ಟಿಲು ತಪ್ಪಿತ್ತು.

ಹಿಂದಿನ ಬಂಪರ್‌ಗೆ ಬಂದರು. ಬಲ ಮೂಲೆ. ನಡು. ಎಡ ಮೂಲೆ. ಮಂಡಿ ಲಟಕ್ಕೆಂದಿತು. ಬೆರಳು ಹಲ್ಲಿನ ಮೇಲೆ ಬಂತು, ಹೋಯಿತು, ಮತ್ತೆ ಬಂತು. ಅತ್ತೆ ಕಾಲು ಅಗಲಿಸಿ ನಿಂತಿದ್ದರು.

ಅವರು ಎದ್ದು ಹಲಗೆಯ ಮೇಲೆ ಏನೋ ಗುರುತು ಹಾಕಿದರು. "ಬಹಳ ಚೆನ್ನಾಗಿ ಇಟ್ಕೊಂಡಿದ್ದೀರಿ ಸಾರ್. ಇಂಥ ಗಾಡಿ ಅಪರೂಪ."

ಇವರ ಮುಖ ಅರಳಿತು. "ಮೂರು ವರ್ಷ. ಒಂದು ಗೀರಿಲ್ಲ," ಎಂದರು.

"ಇಲ್ಲೊಂದು ಸಹಿ ಹಾಕಿಬಿಡಿ. ವಾಪಸ್ ತಾನೆ? ಮುಂದಿನ ವಾರ ನಮ್ಮವರು ಬಂದು ತಗೊಂಡು ಹೋಗ್ತಾರೆ."

ಇವರು ಜೇಬಿನಿಂದ ಪೆನ್ನು ತೆಗೆದು, ಎಂದಿನಂತೆ, ಸಹಿ ಹಾಕುವ ಮುಂಚೆ ಓದಿದರು. ಗಟ್ಟಿಯಾಗಿ ಓದಿದರು. "'ಗುತ್ತಿಗೆಯ ಅವಧಿಯಲ್ಲಿ ವಾಹನಕ್ಕೆ ಯಾವುದೇ ಹಾನಿಯಾಗಲಿ, ಹೊರಗಿನ ರಿಪೇರಿಯಾಗಲಿ ಆಗಿಲ್ಲವೆಂದು ಈ ಮೂಲಕ ದೃಢಪಡಿಸುತ್ತೇನೆ.' ಸರಿ."

ನಾನು ಎಷ್ಟೋ ದಿನದಿಂದ ಭಯಪಟ್ಟದ್ದು ಸಿಕ್ಕಿಬೀಳುವುದಕ್ಕೆ. ಸಿಕ್ಕಿಬೀಳದಿದ್ದರೆ ಏನಾಗುತ್ತದೆಂದು ಯೋಚಿಸಿಯೇ ಇರಲಿಲ್ಲ. ಈಗ ಕಣ್ಣೆದುರು ಕಾಣುತ್ತಿತ್ತು: ಒಂದು ಗ್ರಾಂ ತಪ್ಪಿದ ತಕ್ಕಡಿಗೂ ಸಹಿ ಹಾಕದ ಮನುಷ್ಯ, ನನ್ನ ಕೈಚಳಕವನ್ನು ನಂಬಿ, ಸುಳ್ಳಿನ ಕೆಳಗೆ ತಮ್ಮ ಹೆಸರು ಬರೆಯಲಿದ್ದರು. ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ರೀ, ಸಹಿ ಹಾಕ್ಬೇಡಿ," ಎಂದೆ. ಗಂಟಲು ಕಟ್ಟಲಿಲ್ಲ. ಒಂದೇ ಸಲ ಹೇಳಿದೆ.

ಮೂವರೂ ನನ್ನ ಕಡೆ ತಿರುಗಿದರು.

"ಎಡ ಮೂಲೆಯಲ್ಲಿ ಒಂದು ಚೂರು ಹೋಗಿತ್ತು. ನಾನು ತುಂಬಿದ್ದೀನಿ."

ತಪಾಸಣೆಯವರು ಮತ್ತೆ ಬಗ್ಗಿದರು. ಟಾರ್ಚು ಹಿಡಿದರು. "ಏನಿಂದ ತುಂಬಿದ್ರಿ ಮೇಡಂ?"

"ಹಲ್ಲಿನ ಸಾಮಾನಿಂದ. ತಾತ್ಕಾಲಿಕ ಹಲ್ಲಿಗೆ ಹಾಕೋದು."

ಅವರ ನಾಲಿಗೆ ತಮ್ಮ ಮುಂದಿನ ಹಲ್ಲನ್ನು ಒಮ್ಮೆ ಮುಟ್ಟಿ ಬಂದದ್ದು ಕಾಣಿಸಿತು. "ಇಪ್ಪತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು," ಎಂದರು. "ಸೋಪು ತುಂಬಿರೋದು ನೋಡಿದ್ದೀನಿ, ಉಗುರು ಬಣ್ಣ ಹಚ್ಚಿರೋದು ನೋಡಿದ್ದೀನಿ. ಗಾಡಿಗೆ ಹಲ್ಲು ಕಟ್ಟಿರೋದು ಇದೇ ಮೊದಲು."

ಇವರು ಒಳಗೆ ಹೋಗಿ ತಮ್ಮ ಭೂತಗನ್ನಡಿ ತಂದು, ಬಂಪರ್‌ನ ಎದುರು ಕುಕ್ಕರಗಾಲಲ್ಲಿ ಕೂತರು. "ಎಲ್ಲಿ?"

"ನಿಮ್ಮ ಹೆಬ್ಬೆರಳ ಕೆಳಗೆ."

ಬಹಳ ಹೊತ್ತು ನೋಡಿದರು. "ಕಾಣೋದೇ ಇಲ್ವಲ್ಲ," ಎಂದರು. ಆಮೇಲೆ, ಅದು ಹೊಗಳಿಕೆಯಾಯಿತೆಂದು ಹೊಳೆದು, ದನಿ ಬದಲಾಯಿಸಿದರು. "ನೀನು ಕಾರು ಗುದ್ದಿಸಿ ನಂಗೆ ಹೇಳಲಿಲ್ಲ."

"ಅವಳಲ್ಲ," ಎಂದರು ಅತ್ತೆ. "ಗಾಡಿ ಓಡಿಸ್ತಿದ್ದಿದ್ದು ನಾನು."

ಇವರು ಕೂತಲ್ಲಿಂದಲೇ ತಲೆಯೆತ್ತಿದರು. ಭೂತಗನ್ನಡಿ ಇನ್ನೂ ಕಣ್ಣಿನ ಹತ್ತಿರವೇ ಇತ್ತು; ಒಂದು ಕಣ್ಣು ಮೊಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ನೀನು? ಕಾರು?"

"ಹತ್ತು ತಿಂಗಳಿಂದ. ಪ್ರತಿ ಭಾನುವಾರ. ಒಂದು ಸಲ ಪರೀಕ್ಷೆಗೂ ಹೋಗಿ ಬಂದೆ."

"ಡಬಲ್ ಕೊಟ್ಟಿದ್ದು ನಾನು," ಎಂದೆ ನಡುವೆ. ತಪ್ಪು ಯಾರದೆಂಬುದು ಸರಿಯಾಗಿ ದಾಖಲಾಗಬೇಕೆಂದು ನನಗೆ ಅನ್ನಿಸಿತ್ತು. ಅದು ಇವರಿಗೆ ಅರ್ಥವಾಗಲಿಲ್ಲ. ತಪಾಸಣೆಯವರಿಗಂತೂ ಆಗಲೇ ಇಲ್ಲ.

"ನಂಗ್ಯಾಕೆ ಹೇಳಲಿಲ್ಲಮ್ಮ?"

"ಹೇಳಿದ್ದೆ. ಊಟಕ್ಕೆ ಕೂತಾಗ ಕೇಳಿದ್ದೆ. ಹಿಂದೆ ಕೂತ್ಕೊಂಡ್ರೇ ಚೆಂದ ಅಂದೆ ನೀನು."

ಇವರಿಗೆ ನೆನಪಾಯಿತು. ನೆನಪಾದದ್ದು ಕಿವಿಯ ತುದಿ ಕೆಂಪಾದ್ದರಿಂದ ಗೊತ್ತಾಯಿತು. "ತಮಾಷೆಗೆ ಅಂದಿದ್ದು."

"ಗೊತ್ತು ಕಣೋ. ಅದಕ್ಕೇ ಹನ್ನೊಂದು ತಿಂಗಳಿಂದ ನಗ್ತಾನೇ ಇದ್ದೀನಿ," ಎಂದರು ಅತ್ತೆ. "ಮೂವತ್ತೊಂದು ವರ್ಷ ಹಿಂದೇನೇ ಇದ್ದೆ. ಕೂತಿದ್ದೂ ಇಲ್ಲ, ನಿಂತೇ ಇದ್ದೆ. ಇನ್ನೆಷ್ಟು ಹಿಂದೆ ಹೋಗ್ಲಿ? ಹಿಂದೆ ಗಾಜಿದೆ."

ತಪಾಸಣೆಯವರು ಕೆಮ್ಮಿ, ಹಲಗೆಯನ್ನು ಎತ್ತಿಕೊಂಡರು. ಮನೆಯ ಮಾತಿನ ನಡುವೆ ಸಿಕ್ಕಿಕೊಂಡವರು ಕೆಲಸದ ಮಾತಿಗೆ ಎಷ್ಟು ಆಸೆಯಿಂದ ಮರಳುತ್ತಾರೆಂದು ಅವತ್ತು ನೋಡಿದೆ.

"ನೋಡಿ ಸಾರ್, ಈಗ ವಾಪಸ್ ಕೊಡೋದಾದ್ರೆ ನಮ್ಮ ಗ್ಯಾರೇಜಲ್ಲಿ ಬಂಪರ್ ಬದಲಾಯಿಸಿ ಕೊಡ್ಬೇಕು. ತಿಂಗಳು ಮುಂದುವರಿಸೋದಾದ್ರೆ ಈ ಕಾಗದಕ್ಕೆ ಸಹಿ. ಬಂಪರ್ ಆಮೇಲೆ ನೋಡ್ಕೋಬಹುದು. ಗಾಡಿ ನೀವೇ ಕೊಂಡ್ಕೊಂಡ್ರೆ, ಬಂಪರ್‌ಗೆ ಒಂದು ಹಲ್ಲಲ್ಲ, ಇಡೀ ದವಡೆ ಕಟ್ಟಿಸಿಕೊಂಡ್ರೂ ನಮ್ಮ ಕಂಪನಿ ಕೇಳಲ್ಲ."

"ಪರೀಕ್ಷೆ ಯಾವತ್ತು?" ಎಂದು ಇವರು ಕೇಳಿದರು. ತಾಯಿಯನ್ನಲ್ಲ, ನನ್ನನ್ನು.

"ಗುತ್ತಿಗೆ ಮುಗಿದು ಎಂಟು ದಿನಕ್ಕೆ."

"ಓ. ಮಂಡಿ ನೋವು," ಎಂದರು.

"ಮಂಡಿ ನೋವು," ಎಂದು ಒಪ್ಪಿಕೊಂಡೆ.

ಇವರು ಒಳಗೆ ಹೋದರು. ಹೊರಬಂದಾಗ ಕೈಗೆ ಬಿಳಿ ಕೈಗವಸು ಹಾಕಿಕೊಂಡಿದ್ದರು. ಕೈಯಲ್ಲಿ ಹಿತ್ತಾಳೆಯ ಬಟ್ಟೊಂದು, ಪೆಟ್ಟಿಗೆಯಲ್ಲಿರುವವುಗಳಲ್ಲಿ ಅತಿ ತೆಳ್ಳಗಿನ, ಉದ್ದನೆಯದು. ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಮಡಿಲ ಮೇಲೊಂದು ಪುಸ್ತಕವಿಟ್ಟು, ಅದರ ಮೇಲೆ ಬಟ್ಟನ್ನು ನೆಟ್ಟಗೆ ನಿಲ್ಲಿಸಿದರು.

"ನಡಿಯಮ್ಮ. ಪಾಪ ಅಂತ ಸಹಿ ಹಾಕಲ್ಲ ನಾನು. ತೂಗಿ ನೋಡಿ ಹಾಕ್ತೀನಿ."

ಅತ್ತೆ ಕೀ ತೆಗೆದುಕೊಂಡರು. ಅವರ ಮುಖದಲ್ಲಿ ಅವತ್ತಿನವರೆಗೆ ನಾನು ಕಾಣದ ಒಂದು ಗತ್ತು ಬಂದಿತ್ತು. "ಕೂತಿರೋರು ಸರಿಯಾಗಿ ಕೂತ್ಕೊಳ್ಳಿ," ಎಂದರು ಹಿಂದಕ್ಕೆ. ಈ ಸಲ ಕೇಳಿಸಿಕೊಳ್ಳಲು ಅಲ್ಲಿ ಒಬ್ಬರಿದ್ದರು.

ಪಕ್ಕದ ಸೀಟಿನಲ್ಲಿ ನಾನು ಕೂತೆ, ಕಾನೂನು ಕಾನೂನೇ. ಎರಡು ಬೀದಿ, ಒಂದು ವೃತ್ತ, ಶಾಲೆಯ ಮುಂದಿನ ಉಬ್ಬು, ಮತ್ತೆ ಮನೆ. ಉಬ್ಬಿನ ಹತ್ತಿರ ನಾನು ಇಲ್ಲದ ಬ್ರೇಕನ್ನು ತುಳಿದೆ. ಅತ್ತೆ ಇದ್ದ ಬ್ರೇಕನ್ನು ತುಳಿದರು, ಎಷ್ಟು ಬೇಕೋ ಅಷ್ಟು. ಹಿಂದೆ ಏನಾಗುತ್ತಿದೆಯೆಂದು ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಮನೆ ಮುಂದೆ ನಿಂತಾಗ ಇವರು ಇಳಿದು, ಬಟ್ಟನ್ನು ಎತ್ತಿ ತಪಾಸಣೆಯವರಿಗೆ ತೋರಿಸಿದರು, ಅವರಿಗೆ ಇದೆಲ್ಲ ಏನೆಂದು ಗೊತ್ತಿದೆಯೇನೋ ಎನ್ನುವ ಹಾಗೆ.

"ಬೀಳಲಿಲ್ಲ," ಎಂದರು. ಮುಂದುವರಿಸುವ ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದರು.

ತಪಾಸಣೆಯವರು ಹೊರಡುವ ಮುಂಚೆ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಮುಂದಿನ ಹಲ್ಲು ತೋರಿಸಿ, "ಇದರ ಬಣ್ಣ ಸರಿ ಇದೆಯಾ ಮೇಡಂ? ಮನೆಯಲ್ಲಿ ಸರಿ ಇದೆ ಅಂತಾರೆ," ಎಂದರು. ಅರ್ಧ ಮೆಟ್ಟಿಲು ತಪ್ಪಿದೆ ಎಂದೆ ನಾನು. ಅವರು ಹಲಗೆಯ ಮೂಲೆಯಲ್ಲಿ ಬರೆದುಕೊಂಡರು.

ಇನ್ನು ಕಾರನ್ನು ಏನು ಮಾಡುವುದು ಎಂಬ ಪ್ರಶ್ನೆ ಒಂದು ತಿಂಗಳು ಮುಂದಕ್ಕೆ ಹೋಗಿತ್ತು, ಅಷ್ಟೇ. ಮರುದಿನ ಊಟದ ಹೊತ್ತಿಗೆ ಇವರೇ ಹೇಳಿದರು, "ಅಮ್ಮ, ನಿಂಗೆ ಬೇಕಾದ್ರೆ ಕೊಂಡ್ಕೊಂಡೇ ಬಿಡೋಣ. ಹಲ್ಲಿನ ಸಮೇತ."

"ಟಿಕೆಟ್ ಇಲ್ಲದೆ ಸೀಟು ಹಿಡಿಯೋ ಅಭ್ಯಾಸ ಇಲ್ಲ ನಂಗೆ," ಎಂದರು ಅತ್ತೆ. "ಮೊದಲು ಲೈಸೆನ್ಸ್. ಬಂದ್ರೆ ಕೊಂಡ್ಕೊಳ್ಳೋಣ, ನನ್ನ ಹೆಸರಲ್ಲಿ. ಬರದಿದ್ರೆ ಬಂಪರ್ ಬದಲಾಯಿಸಿ ಕಳಿಸಿಬಿಡು. ನಾನು ಕಿಟಕಿ ಪಕ್ಕ ಕೂತ್ಕೊಂಡು ಆ ಕಡೆ ಈ ಕಡೆ ನೋಡ್ಕೊಂಡಿರ್ತೀನಿ." ಹಗುರವಾಗಿಯೇ ಹೇಳಿದರು. ಆದರೆ ಆ ವಾರ ಅವರು ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ಪರೀಕ್ಷೆಯ ದಿನ ಇವರು ರಜೆ ಹಾಕಿ ಬಂದರು. ಪರೀಕ್ಷೆಯ ಕಚೇರಿ ಉದ್ದನೆಯ ನೇರ ರಸ್ತೆಯೊಂದರ ತುದಿಯಲ್ಲಿದೆ. ಹೋದ ಸಲದ ಪರೀಕ್ಷಕಿಯೇ ಬಂದರು. ಅತ್ತೆಯನ್ನು ಗುರುತಿಸಿ, ಬೆಲ್ಟು ಹಾಕಿಕೊಳ್ಳುತ್ತ, "ಇವತ್ತು ಯಾರಾದರೂ ಇಳಿಯೋರು ಇದ್ದಾರ?" ಎಂದು ನಗದೆ ಕೇಳಿದರು.

"ಇವತ್ತು ನಾನ್‌ಸ್ಟಾಪ್," ಎಂದರು ಅತ್ತೆ.

ಇವರು ಕಿಟಕಿಯ ಹತ್ತಿರ ಹೋದರು. ಏನೋ ಹೇಳಲು ಬಾಯಿ ತೆರೆದರು. ತಕ್ಕಡಿಗಳ ಜೊತೆ ಕೆಲಸ ಮಾಡುವವರಿಗೆ ಮಾತು ಬೇಗ ಸಿಗುವುದಿಲ್ಲ. ಸಿಗದೆ, ಕಾರಿನ ಹಿಂದಕ್ಕೆ ನಡೆದು ಬಂದು, ಬರಿಗೈಯಲ್ಲಿ, ಅದರ ಬೆನ್ನಿಗೆ ಎರಡು ಸಲ ತಟ್ಟಿದರು.

ಕಾರು ಹೊರಟಿತು.

ರಸ್ತೆಯ ನಡುವೆ, ನಮಗೆ ಕಾಣುವಷ್ಟು ದೂರದಲ್ಲೇ, ಆ ಬಸ್ ನಿಲ್ದಾಣವಿತ್ತು. ನಾಲ್ಕು ಜನ ನಿಂತಿದ್ದರು. ಒಬ್ಬ ಮುದುಕರು, ಚೀಲ ಹಿಡಿದ ಇಬ್ಬರು ಹೆಂಗಸರು, ಪುಸ್ತಕ ಓದುತ್ತಿದ್ದ ಒಬ್ಬ ಹುಡುಗಿ. ಮುದುಕರು ಸಮಯ ನೋಡಿಕೊಂಡು ರಸ್ತೆಗೆ ಬಗ್ಗಿ ಇಣುಕಿದರು. ನನಗೆ ಅವರ ಮೇಲೆ ಕೋಪ ಬಂತು.

ಕಾರಿನ ಹಿಂದಿನ ಕೆಂಪು ದೀಪಗಳು ಹತ್ತಿದವು.

"ಬೇಡಮ್ಮ," ಎಂದರು ಇವರು ಮೆಲ್ಲಗೆ.

ನಾನು ಬಲಗಾಲನ್ನು ನೆಲದಿಂದ ಎತ್ತಿದೆ. ಹತ್ತು ತಿಂಗಳಲ್ಲಿ ಮೊದಲ ಸಲ, ಇಲ್ಲದ ಬ್ರೇಕಿನ ಮೇಲಿಂದ ಕಾಲು ತೆಗೆದೆ.

ದೀಪಗಳು ಆರಿದವು. ಕಾರು ಆ ನಾಲ್ಕು ಜನರನ್ನು ಅಲ್ಲಿಯೇ ಬಿಟ್ಟು, ಬಿಸಿಲಿನಲ್ಲಿ ಬೆಳ್ಳಗೆ, ನೇರವಾಗಿ ಮುಂದೆ ಹೋಯಿತು. ಎಡ ಮೂಲೆಯನ್ನು ಕಣ್ಣಿಗೆ ಸಿಗುವವರೆಗೂ ನೋಡುತ್ತ ನಿಂತಿದ್ದೆ. ಇನ್ನು ಅದು ನಮ್ಮ ಮನೆಯದೇ ಆಗುವುದಾದರೆ, ಹೊಳಪಿಗೆ ಇನ್ನೊಂದು ಪದರ ಕೊಡಬಹುದು ಅಂದುಕೊಂಡೆ.